ಒಗೆಯುವವರನ್ನು ನೆನೆದು ಹೊಲಿಯುವ ಕೌದಿ

(ದಾವಣಗೆರೆಯಲ್ಲಿ ಹೊಲಿಗೆ ಬಲ್ಲ ಮಹಿಳೆಯರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ನೀವು ಕುಳಿತಲ್ಲಿಂದಲೇ ಸ್ವಲ್ಪ ಬಗ್ಗಿ ಅಂಗೈಯನ್ನು ನೆಲಕ್ಕೆ ಒತ್ತಿ ಇಡಿ. ತಕ್ಷಣ ತೆಗೆಯಬೇಡಿ. ಮನುಷ್ಯನ ಮೈಶಾಖ ಸುಮಾರು 37 ಡಿಗ್ರಿ ಸೆಲ್ಸಿಯಸ್. ನಾಯಿಯದು 38.3ರಿಂದ 39.2ರವರೆಗೆ, ಬೆಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ನಮಗಿಂತ ಬಿಸಿಯಾದ ಮೈ ಅದು. ತಣ್ಣನೆಯ ಸಿಮೆಂಟಿಗೆ ತಾಗಿದ ಕಡೆಯಿಂದೆಲ್ಲ ಆ ಶಾಖ ಇಳಿದು ಹೋಗುತ್ತಿರುತ್ತದೆ. ಹೊಟ್ಟೆಯ ಅಡಿ ಕೂದಲು ತೆಳು, ಮಲಗಿದಾಗ ನೆಲಕ್ಕೆ ತಾಗುವುದೂ ಅದೇ ಭಾಗ. ಈಗ ಕೈ ತೆಗೆಯಿರಿ. ಆಶ್ರಯ ತಾಣದಲ್ಲಿ ರಾತ್ರಿಯಿಡೀ ಹಾಗೆ ಇರಬೇಕಾದ ಜೀವಕ್ಕೆ ಹೊಲಿದು ಕೊಡುವ ಹಾಸಿಗೆಯ ಬಗ್ಗೆ ಇವತ್ತಿನ ಮಾತು.

ಬೀದಿಯಲ್ಲಿರುವ ನಾಯಿ ಜಾಣ. ಮಂಡಕ್ಕಿ ಭಟ್ಟಿಯ ಹೊರಗೆ ಸುರಿದ ಬೂದಿ ಬೆಚ್ಚಗಿದೆ ಎಂದು ಅದಕ್ಕೆ ಗೊತ್ತು. ಮನೆ ಕಟ್ಟುವ ಕಡೆ ಮರಳಿನ ರಾಶಿ ಇದ್ದರೆ ಗುಂಡಿ ತೋಡಿ ಮೈ ಸುತ್ತಿಕೊಂಡು ಮಲಗುತ್ತದೆ. ಮಳೆ ಬಂದರೆ ಲಾರಿಯ ಅಡಿ, ಬಿಸಿಲಾದರೆ ಚರಂಡಿಯ ತೇವ. ತನ್ನ ಹಾಸಿಗೆಯನ್ನು ತಾನೇ ಹುಡುಕಿಕೊಳ್ಳುವ ಪ್ರಾಣಿ ಅದು. ಕಾಲು ಮುರಿಯಿತೆಂದೋ ರೋಗ ಬಂತೆಂದೋ ಅದನ್ನು ತಂದು ಆಶ್ರಯ ತಾಣದ ಗೂಡಿನಲ್ಲಿ ಇಟ್ಟ ಕ್ಷಣದಿಂದ ಆ ಆಯ್ಕೆ ಹೋಗುತ್ತದೆ. ಮುಂದೆ ನಾವು ಏನು ಹಾಸುತ್ತೇವೋ ಅದೇ ಅದರ ನೆಲ. ಹಾಸದಿದ್ದರೆ ಸಿಮೆಂಟೇ ನೆಲ. ಹೀಗಾಗಿ ಹಾಸಿಗೆ ಕೊಡುವುದನ್ನು ನಾನು ಮುದ್ದಿನ ಮಾತಾಗಿ ನೋಡುವುದಿಲ್ಲ. ನಾವು ಕಿತ್ತುಕೊಂಡದ್ದರಲ್ಲಿ ಒಂದು ಪಾಲನ್ನು ಹಿಂದಿರುಗಿಸುವ ಕೆಲಸ ಅದು.

ಗೂಡಿನೊಳಗೆ ಬರುವ ಪ್ರಾಣಿಗಳು ಮುಂದೆ ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಚೇತರಿಸಿಕೊಂಡ ಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು. ಆ ಚೇತರಿಕೆಯ ದಿನಗಳು ಗೂಡಿನಲ್ಲಿಯೇ ಕಳೆಯುತ್ತವೆ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವು ಮಾಡಿ ಆಶ್ರಯ ತಾಣಗಳಿಗೆ ಸಾಗಿಸುವಂತೆ ಹೇಳಿತು. ಆ ಆದೇಶದ ಬಗ್ಗೆ ಈ ಸಭೆಯಲ್ಲೇ ಹತ್ತು ಅಭಿಪ್ರಾಯಗಳು ಇರಬಹುದು. ಮಕ್ಕಳನ್ನು ಕಳಿಸುವ ತಾಯಂದಿರ ಭಯ ನನಗೆ ಅರ್ಥವಾಗುತ್ತದೆ. ಯಾವ ಅಭಿಪ್ರಾಯದವರಾದರೂ ಸರಿ, ಒಳಗೆ ಬಂದ ನಾಯಿ ಒದ್ದೆ ನೆಲದಲ್ಲಿ ಮಲಗಬೇಕು ಎಂದು ಯಾರೂ ಹೇಳಲಾರರು.

ಇನ್ನು ಕೆಲಸದ ಮಾತು. ಆಶ್ರಯ ತಾಣಕ್ಕೆ ಹಾಸಿಗೆ ಮಾಡಲು ಹೊರಟವರು ಸಾಮಾನ್ಯವಾಗಿ ಪ್ರಾಣಿಯನ್ನು ನೆನೆಯುತ್ತಾರೆ. ಮೆತ್ತಗಿರಲಿ, ದಪ್ಪವಾಗಿರಲಿ, ಚೆಂದವಾಗಿರಲಿ ಎಂದುಕೊಳ್ಳುತ್ತಾರೆ. ನಾನು ನಿಮ್ಮನ್ನು ಕೇಳಿಕೊಳ್ಳುವುದು ಬೇರೆ. ಹೊಲಿಯುವಾಗ ನೀವು ನೆನೆಯಬೇಕಾದದ್ದು ಅದನ್ನು ಒಗೆಯುವವರನ್ನು. ಬೆಳಗ್ಗೆ ಗೂಡುಗಳನ್ನು ತೊಳೆಯುವ ಒಬ್ಬರೋ ಇಬ್ಬರೋ ಇರುತ್ತಾರೆ. ಉಚ್ಚೆ, ಭೇದಿ, ವಾಂತಿ, ಕೀವು ಮೆತ್ತಿದ ಬಟ್ಟೆಗಳನ್ನೆಲ್ಲ ಅವರು ಎತ್ತಬೇಕು, ನೆನೆಸಬೇಕು, ತಿಕ್ಕಬೇಕು, ಹಿಂಡಬೇಕು, ಸಂಜೆಯೊಳಗೆ ಒಣಗಿಸಬೇಕು. ಅವರ ಕೈಯಲ್ಲಿ ಹಿಂಡಲು ಆಗದ ಹಾಸಿಗೆ ಎಷ್ಟೇ ಮೆತ್ತಗಿದ್ದರೂ ಎರಡನೇ ದಿನ ಮೂಲೆ ಸೇರುತ್ತದೆ, ನಾಲ್ಕನೇ ದಿನ ತಿಪ್ಪೆ ಸೇರುತ್ತದೆ. ನಾಯಿ ಮತ್ತೆ ಸಿಮೆಂಟಿಗೆ ಬರುತ್ತದೆ.

ಈ ಕಾರಣಕ್ಕೇ ಅರಳೆ ತುಂಬಿದ ಗಾದಿ ಬೇಡ ಎನ್ನುತ್ತೇನೆ. ಗಾದಿಯ ಮೇಲೆ ನನಗೆ ದ್ವೇಷವಿಲ್ಲ. ಅರಳೆ ಹಿಂಜುವ ಪಿಂಜಾರರ ಬಿಲ್ಲಿನ ಸದ್ದು ಕೇಳುತ್ತಾ ಬೆಳೆದ ಊರು ಇದು, ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ಆದರೆ ಗಾದಿ ಮನುಷ್ಯರಿಗಾಗಿ ಮಾಡಿದ್ದು. ಒಮ್ಮೆ ನೆನೆದರೆ ಒಳಗಿನ ಅರಳೆ ಉಂಡೆ ಕಟ್ಟುತ್ತದೆ, ದಿನಗಟ್ಟಲೆ ಒಣಗುವುದಿಲ್ಲ, ಒಳಗೆ ಬೂಷ್ಟು ಹಿಡಿಯುತ್ತದೆ. ಬೇಸರಗೊಂಡ ನಾಯಿ ಒಂದು ಮೂಲೆಯನ್ನು ಕಚ್ಚಿ ಹರಿದರೆ ಅರಳೆಯೆಲ್ಲ ಹೊರಗೆ ಬರುತ್ತದೆ. ಒಂದಿಷ್ಟು ಹೊಟ್ಟೆಗೂ ಹೋಗುತ್ತದೆ, ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಪಂಜಿನ ಹಾಸಿಗೆಗೂ ಇದೇ ಮಾತು. ಟೈಲರ್ ಅಂಗಡಿಯ ಚಿಂದಿಯನ್ನು ದಿಂಬಿನ ಚೀಲದಲ್ಲಿ ತುಂಬಿ ಬಾಯಿ ಹೊಲಿದು ಕೊಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಹಳೆಯ ಬಟ್ಟೆಯನ್ನು ಪದರವಾಗಿ ಇಟ್ಟು ಹೊಲಿಯುವ ಕೌದಿಯ ವಿಷಯ ಬೇರೆ. ಅದರಲ್ಲಿ ತುಂಬುವುದು ಏನೂ ಇಲ್ಲ, ಪದರ ಮಾತ್ರ. ಪದರ ಪದರವನ್ನೂ ಹೊಲಿಗೆ ಹಿಡಿದುಕೊಂಡಿರುತ್ತದೆ. ಹರಿದರೂ ಒಳಗಿನಿಂದ ಏನೂ ಉದುರುವುದಿಲ್ಲ. ನೀರು ಪದರಗಳ ನಡುವೆ ಹಾದು ಹೋಗುತ್ತದೆ, ಗಾಳಿಯೂ ಹಾದು ಹೋಗುತ್ತದೆ. ನಮ್ಮ ಅಜ್ಜಿಯರು ಕೂಸುಗಳಿಗೆ ಹಾಸಲು ಹಳೆಯ ಸೀರೆಯ ಕೌದಿಯನ್ನೇ ಯಾಕೆ ಆರಿಸಿದರು? ಕೂಸು ದಿನಕ್ಕೆ ಎಷ್ಟೋ ಸಲ ಒದ್ದೆ ಮಾಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಒಣಗಿ ಕೈಗೆ ಬರಬೇಕು. ಆಶ್ರಯ ತಾಣದ ಅಗತ್ಯವೂ ಅಕ್ಷರಶಃ ಅದೇ. ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ. ಈ ಸಭೆಯಲ್ಲಿ ಕೂತಿರುವ ಹಿರಿಯ ಹೆಂಗಸರಿಗೆ ಇದು ಗೊತ್ತಿರುವ ವಿದ್ಯೆ.

ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. ಸಾಧಾರಣ ಸೀರೆ ಹದಿನೆಂಟು ಅಡಿ ಉದ್ದ, ಅಗಲ 45 ಅಂಗುಲ. ಉದ್ದವನ್ನು ಮೂರು ಅಡಿಗೊಂದರಂತೆ ಮಡಿಸುತ್ತಾ ಹೋದರೆ ಆರು ಪದರ ಬರುತ್ತದೆ. ಮೂರು ಅಡಿಗೆ ಮೂರು ಮುಕ್ಕಾಲು ಅಡಿಯ ಆರು ಪದರದ ಕೌದಿ: ನಮ್ಮ ಬೀದಿಯ ಮಧ್ಯಮ ಗಾತ್ರದ ನಾಯಿಗೆ ಹೇಳಿ ಮಾಡಿಸಿದ ಅಳತೆ. ಕತ್ತರಿಯೂ ಬೇಕಾಗಿಲ್ಲ, ಒಂದು ಸೀರೆಗೆ ಒಂದು ಹಾಸಿಗೆ. ಎಂಟು ಮೊಳದ ಪಂಚೆಯನ್ನು ಮೂರು ಅಡಿಗೆ ಮಡಿಸಿದರೆ ನಾಲ್ಕು ಪದರ. ಬೇಸಿಗೆಗೆ, ಬೆಕ್ಕುಗಳಿಗೆ, ಶಸ್ತ್ರಚಿಕಿತ್ಸೆಯ ಕೋಣೆಗೆ ಅದು ಸಾಕು. ಆರು ಪದರಕ್ಕಿಂತ ಹೆಚ್ಚು ಮಾಡಬೇಡಿ. ಎಂಟು ಹತ್ತು ಪದರದ ಕೌದಿ ನೋಡಲು ಘನವಾಗಿರುತ್ತದೆ, ಆದರೆ ನೆನೆದ ಮೇಲೆ ಅದನ್ನು ಒಬ್ಬರೇ ಎತ್ತಲಾರರು. ಹೆಚ್ಚು ಬೆಚ್ಚಗೆ ಬೇಕಾದರೆ ಎರಡು ತೆಳು ಕೌದಿಗಳನ್ನು ಒಂದರ ಮೇಲೊಂದು ಹಾಸಬಹುದು, ಒಗೆಯುವಾಗ ಬೇರೆ ಮಾಡಬಹುದು. ಬೇಸಿಗೆಯಲ್ಲಿ ನಮ್ಮ ಕಡೆ ನೀರಿಗೆ ಎಷ್ಟು ಪರದಾಟ ಎಂಬುದು ನಿಮಗೆ ಗೊತ್ತು. ದಪ್ಪ ಹಾಸಿಗೆ ಎಂದರೆ ಹೆಚ್ಚು ಬಕೆಟ್ ನೀರು.

ಬಟ್ಟೆ ಹತ್ತಿಯದೇ ಆಗಲಿ. ಹಳೆಯ ಹತ್ತಿ ತೇವವನ್ನು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಸೀರೆ ಬೇಗ ಒಣಗುತ್ತದೆ ನಿಜ, ಆದರೆ ಉಚ್ಚೆಯನ್ನು ಹೀರದೆ ಮೇಲೆಯೇ ನಿಲ್ಲಿಸುತ್ತದೆ, ಅದು ನಾಯಿಯ ಚರ್ಮಕ್ಕೆ ಮೆತ್ತಿಕೊಂಡಿರುತ್ತದೆ. ಇದ್ದರೆ ಅದನ್ನು ಕೆಳಗಿನ ಪದರಕ್ಕೆ ಹಾಕಿ. ಜರಿಯ ಅಂಚು ಬೇಡವೇ ಬೇಡ, ಕತ್ತರಿಸಿ ತೆಗೆಯಿರಿ. ಹೊಸ ಬಟ್ಟೆಯಾದರೆ ಬಣ್ಣ ಬಿಡುವುದು ನಿಲ್ಲುವವರೆಗೂ ಒಗೆಯಿರಿ. ಗಾಯದ ಮೇಲೆ ಬಣ್ಣ ಇಳಿಯಬಾರದು.

ಬಣ್ಣ ಅಂದೆನಲ್ಲ, ಅದರ ಬಗ್ಗೆ ಇನ್ನೊಂದು ಮಾತು ಇದೆ, ಇದನ್ನು ಯಾರೂ ಯೋಚಿಸುವುದಿಲ್ಲ. ಮಣ್ಣು ಕಾಣಬಾರದು ಎಂದು ನಾವು ಮನೆಯಲ್ಲಿ ಗಾಢ ಬಣ್ಣ ಆರಿಸುತ್ತೇವೆ. ಆಶ್ರಯ ತಾಣದಲ್ಲಿ ಮಣ್ಣು ಕಾಣಬೇಕು! ಮೇಲಿನ ಪದರ ಬಿಳಿಯೋ ತಿಳಿ ಹಳದಿಯೋ ಆಗಿದ್ದರೆ ಬೆಳಗ್ಗೆ ಬಂದವರಿಗೆ ರಾತ್ರಿಯ ಕಥೆ ಗೊತ್ತಾಗುತ್ತದೆ. ಹೊಲಿಗೆ ಹಾಕಿದ ಗಾಯದಿಂದ ರಕ್ತ ಬಂದಿದೆಯೇ, ವಾಂತಿಯಲ್ಲಿ ಜಂತುಹುಳು ಇದೆಯೇ, ಭೇದಿಯಲ್ಲಿ ರಕ್ತವಿದೆಯೇ ಎಂಬುದೆಲ್ಲ ಬಟ್ಟೆಯ ಮೇಲೆ ಕಾಣುತ್ತದೆ. ಉಣ್ಣಿ ಕಚ್ಚಿ ಬರುವ ಜ್ವರಗಳಲ್ಲಿ ಬೆಬೀಸಿಯೋಸಿಸ್ ಎಂಬುದೊಂದು ಇದೆ. ಅದು ರಕ್ತಕಣಗಳನ್ನು ಒಡೆಯುತ್ತದೆ, ಉಚ್ಚೆ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಕಂದು ಬಣ್ಣದ ಕೌದಿಯಲ್ಲಿ ಅದು ಕಾಣುವುದಿಲ್ಲ. ಬಿಳಿ ಪಂಚೆಯಲ್ಲಿ ಕಂಡರೆ ವೈದ್ಯರಿಗೆ ಒಂದು ದಿನ ಮೊದಲೇ ಸುದ್ದಿ ಮುಟ್ಟುತ್ತದೆ. ಆ ಕಾಯಿಲೆಯಲ್ಲಿ ಒಂದು ದಿನ ಬಹಳ ದೊಡ್ಡದು.

ಹೊಲಿಗೆಗೆ ಬರೋಣ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕವಂದಿ ಎಂಬ ತಮ್ಮದೇ ಬಗೆಯ ಕೌದಿ ಹೊಲಿಯುತ್ತಾರೆ. ಅವರ ಕ್ರಮ ನಮ್ಮ ಬಯಲುಸೀಮೆಯ ಕೌದಿಗಿಂತ ಸ್ವಲ್ಪ ಬೇರೆ. ಅವರು ಹೊರ ಅಂಚಿನಿಂದ ಹಿಡಿದು ಸುತ್ತುತ್ತಾ ನಡುವಿನ ಕಡೆಗೆ ಸಾಗುತ್ತಾರೆ. ಪ್ರತಿ ತುಂಡಿನ ಅಂಚನ್ನೂ ಒಳಕ್ಕೆ ಮಡಿಸಿ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ತ್ರಿಕೋನದ ಮಡಿಕೆಗಳನ್ನಿಟ್ಟು, ಅದನ್ನು ಫೂಲ ಎನ್ನುತ್ತಾರೆ. ಆ ಹೂವಿಲ್ಲದೆ ಕವಂದಿ ಮುಗಿದ ಹಾಗಲ್ಲ ಎಂಬ ಭಾವನೆ ಅವರಲ್ಲಿದೆ. ನನಗೆ ಅವರ ಕೆಲಸ ಕಂಡರೆ ಬಹಳ ಗೌರವ. ನಾಯಿಗೆ ಹೊಲಿಯುವಾಗ ಅವರಿಂದ ನಾವು ಕಲಿಯಬೇಕಾದದ್ದು ಅಂಚಿನ ಜಾಗ್ರತೆಯನ್ನು. ಬಿಚ್ಚಿದ ಅಂಚು ಎಲ್ಲಿಯೂ ಹೊರಗೆ ಇರಬಾರದು. ಮೂಲೆಯ ಹೂವನ್ನು ಮಾತ್ರ ಇಲ್ಲಿ ಬಿಡಿ, ಏಕೆಂದರೆ ಮರಿಗಳು ಮೊದಲು ಕಚ್ಚುವುದೇ ಮೂಲೆಯನ್ನು.

ಹೊಲಿಗೆಯ ಸಾಲುಗಳ ನಡುವೆ ಮೂರು ಬೆರಳಿನಷ್ಟು ಅಂತರ ಸಾಕು. ಟಾಕು ಚಿಕ್ಕದಿರಲಿ. ಮೇಲೆ ಉದ್ದವಾಗಿ ಎದ್ದು ನಿಂತ ದಾರಕ್ಕೆ ಉಗುರು ಸಿಕ್ಕಿಕೊಳ್ಳುತ್ತದೆ, ಗಾಬರಿಯಾದ ಬೆಕ್ಕು ಎಳೆದಾಡಿ ಉಗುರನ್ನೇ ಕಿತ್ತುಕೊಳ್ಳಬಹುದು. ಗಂಟನ್ನು ಪದರಗಳ ಒಳಗೆ ಎಳೆದು ಮುಚ್ಚಿ. ಮುಗಿದ ಮೇಲೆ ಒಂದಂಗುಲದ ದಾರವೂ ನೇತಾಡಬಾರದು. ಇದು ಅಚ್ಚುಕಟ್ಟಿನ ಮಾತಲ್ಲ. ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿವೆ. ಬಾಯಿಗೆ ಬಂದ ದಾರವನ್ನು ಉಗುಳಲು ಅದಕ್ಕೆ ಕಷ್ಟ, ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಕರುಳು ಲಾಡಿ ಎಳೆದ ಲಂಗದ ನಡುವಿನಂತೆ ನೆರಿಗೆಗಟ್ಟುತ್ತದೆ, ದಾರ ಕೊಯ್ದು ತೂತಾಗುತ್ತದೆ. ಶಸ್ತ್ರಚಿಕಿತ್ಸೆ ಇಲ್ಲದೆ ಆ ಜೀವ ಉಳಿಯುವುದು ಬಹಳ ಕಷ್ಟ. ಗುಂಡಿ, ಹುಕ್ಕು, ಜಿಪ್ಪು, ಚಮಕಿ, ಮಣಿ ಇವೂ ಹಾಗೆಯೇ. ಹಳೆಯ ಕುಪ್ಪಸ, ಶರ್ಟು ಬಳಸುವುದಾದರೆ ಕಣ್ಣಿನಿಂದ ನೋಡಿದ ಮೇಲೆ ಒಮ್ಮೆ ಅಂಗೈಯಿಂದ ಸವರಿ ನೋಡಿ. ಸೆರಗಿಗೆ ಚುಚ್ಚಿದ ಪಿನ್ನು ಕಣ್ಣಿಗಿಂತ ಕೈಗೆ ಬೇಗ ಸಿಗುತ್ತದೆ.

ಕೌದಿಯ ಕೆಳಗೆ ಏನು ಹಾಕಬೇಕು ಎಂಬ ಪ್ರಶ್ನೆ ಬರುತ್ತದೆ. ತೊಳೆದ ನೆಲದ ತೇವ ಕೆಳಗಿನಿಂದ ಏರುತ್ತದೆ. ನಮ್ಮ ಊರಿನಲ್ಲಿ ಮೆಕ್ಕೆಜೋಳದ ಚೀಲ, ಅಕ್ಕಿ ಚೀಲ, ಮಂಡಕ್ಕಿ ಚೀಲಕ್ಕೆ ಬರವಿಲ್ಲ. ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಚೀಲವನ್ನು ಕೌದಿಯ ಕೆಳಗೆ ಬೇರೆಯಾಗಿ ಹಾಸಬಹುದು, ಕೌದಿಗೆ ಸೇರಿಸಿ ಹೊಲಿಯಬೇಡಿ. ಸೇರಿಸಿದರೆ ಒಣಗುವುದು ನಿಧಾನ. ಚೀಲದ ಕತ್ತರಿಸಿದ ಅಂಚಿನಿಂದ ಎಳೆಗಳು ಬಿಚ್ಚಿಕೊಳ್ಳುತ್ತವೆ, ಎರಡು ಸಲ ಮಡಿಸಿ ಹೊಲಿಗೆ ಹಾಕಿ. ಗೊಬ್ಬರದ ಚೀಲ, ಬಿತ್ತನೆ ಬೀಜದ ಚೀಲ ಮಾತ್ರ ಎಷ್ಟು ತೊಳೆದರೂ ಬೇಡ. ಬಿತ್ತನೆ ಬೀಜಕ್ಕೆ ವಿಷ ಲೇಪಿಸಿರುತ್ತಾರೆ. ಸೆಣಬಿನ ಗೋಣಿಚೀಲ ಮೆತ್ತಗಿರುತ್ತದೆ, ಆದರೆ ಅದರ ಒರಟು ನೇಯ್ಗೆಯ ಸಂದಿನಲ್ಲಿ ಉಣ್ಣಿ ಸೇರಿಕೊಂಡರೆ ಕಾಣುವುದಿಲ್ಲ. ಅದನ್ನು ಬಿಗಿಯಾಗಿ ಎಳೆದು ನಾಲ್ಕು ಕಾಲಿನ ಚೌಕಟ್ಟಿಗೆ ಕಟ್ಟಿ ಹೊರಸಿನ ಹಾಗೆ ಮಾಡಿ ಕೊಟ್ಟರೆ ಏಪ್ರಿಲ್, ಮೇ ತಿಂಗಳಿಗೆ ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಅಡಿಯಿಂದ ಗಾಳಿ ಆಡುತ್ತದೆ. ಬಿಸಿಲುಗಾಲದಲ್ಲಿ ಕೌದಿ ಕೊಟ್ಟರೆ ನಾಯಿ ಅದನ್ನು ಕಾಲಿನಿಂದ ಸರಿಸಿ ನೆಲದಲ್ಲೇ ಮಲಗುತ್ತದೆ. ಅದಕ್ಕೆ ಬೇಸರಪಡಬಾರದು, ಅದು ಸರಿಯಾಗಿಯೇ ಮಾಡಿದೆ.

ಮರಿಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಾಯಿಯ ಗರ್ಭಕಾಲ ಸುಮಾರು 63 ದಿನ. ಕಾರ್ತಿಕದ ಆಸುಪಾಸಿನಲ್ಲಿ ಕೂಡಿದ ನಾಯಿಗಳು ಪುಷ್ಯದ ಚಳಿಯಲ್ಲಿ ಮರಿ ಹಾಕುತ್ತವೆ. ಹುಟ್ಟಿದ ಮರಿಗೆ ಕಣ್ಣು ತೆರೆದಿರುವುದಿಲ್ಲ, ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಬಂದಿರುವುದಿಲ್ಲ. ಮೊದಲ ವಾರ ಅದರ ಸುತ್ತ ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತಾಯಿ ಇದ್ದರೆ ತಾಯಿಯೇ ಹಾಸಿಗೆ. ತಾಯಿ ಲಾರಿಗೆ ಸಿಕ್ಕಿ ಸತ್ತ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ತಂದ ಮರಿಗಳಿಗೆ ಏನು ಗತಿ? ತಂದವರು ಮೊದಲು ಹಾಲು ಕುಡಿಸಲು ಓಡುತ್ತಾರೆ. ಮೈ ತಣ್ಣಗಾದ ಮರಿಗೆ ಹಾಲು ಹಾಕಬಾರದು. ಚಳಿಗೆ ಅದರ ಕರುಳು ಕೆಲಸ ನಿಲ್ಲಿಸಿರುತ್ತದೆ, ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ, ಶ್ವಾಸನಾಳಕ್ಕೂ ಹೋಗಬಹುದು. ಮೊದಲು ಬೆಚ್ಚಗೆ, ಆಮೇಲೆ ಹಾಲು. ಅಂದರೆ ನೀವು ಹೊಲಿದ ಕೌದಿ ಹಾಲಿಗಿಂತ ಮೊದಲು ಬೇಕಾಗುತ್ತದೆ.

ಮರಿಗಳ ಹಾಸಿಗೆ ಚಪ್ಪಟೆಯಾಗಿರಲಿ. ಉಬ್ಬಿದ ಮೆತ್ತನೆಯ ಹಾಸಿಗೆಯಲ್ಲಿ ಹೂತು ಉಸಿರು ಕಟ್ಟುವ ಅಪಾಯವಿದೆ. ಪತ್ರಿಕೆಯ ಹಾಳೆ ಹಾಸಿದರೆ ಕಾಲು ಜಾರುತ್ತದೆ. ಮರಿ ತೆವಳಲು ಕಾಲಿಗೆ ಹಿಡಿತ ಸಿಗಬೇಕು. ಒಗೆದು ಒಗೆದು ಸ್ವಲ್ಪ ಜುಂಗಾದ ಹತ್ತಿಯ ಕೌದಿಯಲ್ಲಿ ಆ ಹಿಡಿತ ಇದೆ. ಪೆಟ್ಟಿಗೆಯ ಅರ್ಧ ಭಾಗಕ್ಕೆ ಮಾತ್ರ ಬಿಸಿನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಇಡುತ್ತಾರೆ, ಸೆಕೆಯಾದ ಮರಿ ಇನ್ನರ್ಧಕ್ಕೆ ತೆವಳಿಕೊಳ್ಳಲಿ ಎಂದು. ಎರಡು ಅಡಿಗೆ ಒಂದೂವರೆ ಅಡಿಯ ಸಣ್ಣ ಕೌದಿಗಳು ಇದಕ್ಕೆ ಬೇಕು, ಹೆಚ್ಚು ಸಂಖ್ಯೆಯಲ್ಲಿ ಬೇಕು.

ಹೆಚ್ಚು ಸಂಖ್ಯೆಯಲ್ಲಿ ಯಾಕೆಂದರೆ ಪಾರ್ವೋ. ಮರಿಗಳಿಗೆ ರಕ್ತಭೇದಿ ಬಂದು ಎರಡು ಮೂರು ದಿನದಲ್ಲಿ ಜೀವ ಹೋಗುವ ರೋಗ ಅದು. ಆ ವೈರಾಣು ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಬರೀ ಸೋಪಿಗೆ ಸಾಯುವುದಿಲ್ಲ, ಫಿನಾಯಿಲಿಗೂ ಸಾಯುವುದಿಲ್ಲ. ಫಿನಾಯಿಲ್ ಬೆಕ್ಕಿಗೆ ವಿಷ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಾರ್ವೋ ಸಾಯುವುದು ಬ್ಲೀಚ್‌ಗೆ. ಮನೆಬಳಕೆಯ ಶೇ 5ರ ಬ್ಲೀಚ್ ಆದರೆ ಒಂದು ಲೀಟರ್ ನೀರಿಗೆ 30 ಮಿಲಿಲೀಟರ್ ಬೆರೆಸಿ ಬಟ್ಟೆಯನ್ನು ಹತ್ತು ನಿಮಿಷ ನೆನೆಸಬೇಕು. ಅದಕ್ಕೂ ಮೊದಲು ಮಲವನ್ನೆಲ್ಲ ತೊಳೆದು ತೆಗೆದಿರಬೇಕು, ಕೊಳೆ ಇದ್ದಲ್ಲಿ ಬ್ಲೀಚ್ ತನ್ನ ಬಲ ಕಳೆದುಕೊಳ್ಳುತ್ತದೆ. ಭೇದಿ ಹೆಚ್ಚಾಗಿದ್ದರೆ ಆ ಹಾಸಿಗೆಯನ್ನು ಸುಟ್ಟುಬಿಡುತ್ತಾರೆ. ನೀವು ವಾರಗಟ್ಟಲೆ ಹೊಲಿದ ಕೌದಿ ಒಂದೇ ರಾತ್ರಿ ಬಳಕೆಯಾಗಿ ಬೆಂಕಿಗೆ ಹೋಗಬಹುದು. ಅದನ್ನು ಕೇಳಿ ನೊಂದುಕೊಳ್ಳಬೇಡಿ. ಆ ಒಂದು ರಾತ್ರಿಗಾಗಿಯೇ ನಾವು ಹೊಲಿದದ್ದು. ಕಸೂತಿ ಹಾಕಿ, ಹೆಸರು ಬರೆದು, ತಿಂಗಳುಗಟ್ಟಲೆ ಮಾಡಿದ ಕೌದಿ ಕೊಡಬೇಡಿ ಎಂದು ನಾನು ಹೇಳುವುದೂ ಇದಕ್ಕೇ. ಅಂಥದ್ದನ್ನು ಕೊಟ್ಟರೆ ಸುಡಬೇಕಾದಾಗ ಅಲ್ಲಿಯವರ ಕೈ ಹಿಂಜರಿಯುತ್ತದೆ, ರೋಗ ಉಳಿಯುತ್ತದೆ.

ಮುಂದಿನ ಸಾಲಿನಲ್ಲಿ ಒಬ್ಬರು ಕಂಬಳಿಯ ಬಗ್ಗೆ ಕೇಳಿದರು. ಒಳ್ಳೆಯ ಪ್ರಶ್ನೆ. ಚಳ್ಳಕೆರೆಯ ಕಂಬಳಿ ನಮ್ಮ ಪಕ್ಕದ ಜಿಲ್ಲೆಯ ಹೆಮ್ಮೆ. 1997ರವರೆಗೆ ದಾವಣಗೆರೆಯೂ ಚಳ್ಳಕೆರೆಯೂ ಒಂದೇ ಜಿಲ್ಲೆಯಲ್ಲಿದ್ದವು, ಹಾಗಾಗಿ ನಮ್ಮದೇ ಹೆಮ್ಮೆ ಎನ್ನಿ. ದಖನಿ ಕುರಿಯ ಉಣ್ಣೆ, ಹುಣಸೆ ಬೀಜದ ಗಂಜಿ ಹಾಕಿ ಬಿರುಸು ಮಾಡಿದ ನೇಯ್ಗೆ. ಉಣ್ಣೆಗೆ ಹತ್ತಿಗಿಲ್ಲದ ಒಂದು ಗುಣವಿದೆ, ಸ್ವಲ್ಪ ತೇವವಾದರೂ ಬೆಚ್ಚಗೇ ಇರುತ್ತದೆ. ಮಳೆಯಲ್ಲಿ ಕುರಿ ಕಾಯುವವರು ಕಂಬಳಿ ಕೊಪ್ಪೆ ಹಾಕುವುದು ಸುಮ್ಮನೆ ಅಲ್ಲ. ಆದರೆ ಬ್ಲೀಚ್ ಉಣ್ಣೆಯನ್ನು ತಿಂದುಬಿಡುತ್ತದೆ, ಬಿಸಿನೀರಿಗೆ ಉಣ್ಣೆ ಕುಗ್ಗುತ್ತದೆ. ಆದ್ದರಿಂದ ಹಳೆಯ ಕಂಬಳಿ ಇದ್ದರೆ ಮುದಿ ನಾಯಿಗಳಿಗೆ ಕೊಡಿ, ರೋಗದ ಕೋಣೆಗೆ ಕೊಡಬೇಡಿ. ಕೀಲು ನೋವಿನ ಮುದಿ ನಾಯಿಗೆ ಕಂಬಳಿಯ ಮೇಲೊಂದು ತೆಳು ಕೌದಿ ಹಾಸಿದರೆ ಬಹಳ ಹಿತ. ಕೌದಿ ಕೊಳೆಯಾಗುತ್ತದೆ, ಕಂಬಳಿ ಉಳಿಯುತ್ತದೆ.

ಕಂಬಳಿ, ನಾಯಿ ಎಂದಾಗ ನನಗೆ ನಮ್ಮ ಸೀಮೆಯ ಗೊರವಪ್ಪಗಳು ನೆನಪಾಗುತ್ತಾರೆ, ವಿಷಯ ಬಿಟ್ಟು ಒಂದು ನಿಮಿಷ. ತುಂಗಭದ್ರೆಯ ದಡದ ಮೈಲಾರದಲ್ಲಿ, ರಾಣೆಬೆನ್ನೂರು ಪಕ್ಕದ ದೇವರಗುಡ್ಡದಲ್ಲಿ ನೀವು ಅವರನ್ನು ನೋಡಿರುತ್ತೀರಿ. ಕಂಬಳಿ ಹೊದ್ದು, ಭಂಡಾರ ಹಚ್ಚಿಕೊಂಡು, ತಾವು ಮೈಲಾರಲಿಂಗನ ನಾಯಿಗಳು ಎಂದು ಬೊಗಳುತ್ತಾ ದೋಣಿ ಎಂಬ ಪಾತ್ರೆಯಲ್ಲಿ ಇಟ್ಟದ್ದನ್ನು ಬಾಯಿ ಹಾಕಿ ತಿನ್ನುತ್ತಾರೆ. ದೇವರ ಮುಂದೆ ನಾಯಿಯಾಗಿ ನಿಲ್ಲುವುದನ್ನು ಭಕ್ತಿಯ ಎತ್ತರವೆಂದು ತಿಳಿದ ಜನ ನಾವು. ನಾಯಿಗೆ ಹಾಸಿಗೆ ಯಾಕೆ ಎಂದು ಯಾರಾದರೂ ಮನೆಯಲ್ಲಿ ಕೇಳಿದರೆ ಅವರಿಗೆ ಇದನ್ನು ನೆನಪಿಸಿ.

ಸೊಂಟದ ಸ್ವಾಧೀನ ಕಳೆದುಕೊಂಡ ನಾಯಿಗಳಿಗೆ ಬರುತ್ತೇನೆ. ಹೆದ್ದಾರಿ ಹಾದುಹೋಗುವ ಊರು ನಮ್ಮದು, ಬೆನ್ನುಮೂಳೆ ಮುರಿದ ನಾಯಿಗಳು ಎಷ್ಟೋ. ಅವು ಮಗ್ಗುಲು ಬದಲಿಸಲಾರವು. ಮೂಳೆ ಉಬ್ಬಿರುವಲ್ಲಿ, ತೊಡೆಯ ಪಕ್ಕ, ಮೊಣಕೈ ಹತ್ತಿರ ಚರ್ಮ ಒತ್ತಿ ಹುಣ್ಣಾಗುತ್ತದೆ. ಒದ್ದೆ ಸೇರಿದರೆ ಹುಣ್ಣಿಗೆ ನೊಣ ಕೂತು ಹುಳು ಬೀಳುತ್ತದೆ. ಇವುಗಳಿಗೆ ದಿನಕ್ಕೆ ಹಲವು ಸಲ ಹಾಸಿಗೆ ಬದಲಿಸಬೇಕು, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಂದೊಂದು ನಾಯಿಗೂ ಒಗೆತದಲ್ಲಿ ಒಂದು, ಹಗ್ಗದ ಮೇಲೆ ಒಂದು, ಮೈಯಡಿ ಒಂದು, ಕೈಯಲ್ಲಿ ಇನ್ನೊಂದು ಇರಬೇಕು. ಸುಕ್ಕು, ದಪ್ಪ ತೇಪೆ, ಗಡಸು ಅಂಚು ಇರಬಾರದು. ಒಂದು ಸಣ್ಣ ಗಂಟೂ ಅವುಗಳಿಗೆ ಹುಣ್ಣಿನ ಬೀಜ. ಹೊಸಬರು ಸಣ್ಣ ಕೌದಿಗಳಿಂದ ಕೈ ಪಳಗಿಸಿಕೊಳ್ಳಿ, ಈ ನಾಯಿಗಳ ಕೌದಿಯನ್ನು ಕೈ ಪಳಗಿದವರು ಹೊಲಿಯಲಿ.

ಶಸ್ತ್ರಚಿಕಿತ್ಸೆಯ ಕೋಣೆಗೆ ನಾಲ್ಕು ಪದರದ ಬಿಳಿ ಪಂಚೆ ಸಾಕು ಎಂದೆ. ಅರಿವಳಿಕೆ ಕೊಟ್ಟಾಗ ಪ್ರಾಣಿಯ ಮೈಶಾಖ ಇಳಿಯುತ್ತದೆ, ಎಚ್ಚರವಾಗುವವರೆಗೂ ಅದು ತಾನಾಗಿ ಬೆಚ್ಚಗಾಗಲಾರದು. ಅಡಿಗೊಂದು, ಮೇಲೊಂದು ಬೇಕು. ಬೆಕ್ಕುಗಳಿಗಾದರೆ ಬೆಚ್ಚಗಿರುವುದರ ಜೊತೆಗೆ ಅಡಗಲು ಜಾಗ ಬೇಕು. 2014ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಆಶ್ರಯ ತಾಣಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗುವ ಪೆಟ್ಟಿಗೆ ಇಟ್ಟು, ಕೆಲವಕ್ಕೆ ಇಡದೆ ನೋಡಿದರು. ಪೆಟ್ಟಿಗೆ ಇದ್ದವು ಬೇಗ ಹೊಂದಿಕೊಂಡವು. ರಟ್ಟಿನ ಪೆಟ್ಟಿಗೆಗೆ ಖರ್ಚೇ ಇಲ್ಲ. ಅದರ ತಳಕ್ಕೆ ಸರಿಯಾಗಿ ಕೂರುವ ಸಣ್ಣ ಕೌದಿ ಹೊಲಿದು ಪೆಟ್ಟಿಗೆಯ ಸಮೇತ ಕೊಡಿ.

ಕಾಲೇಜಿನ ಹುಡುಗಿಯರು ಕ್ರೋಶಾ ಬರುತ್ತದೆ, ಅದರಲ್ಲಿ ಮಾಡಬಹುದೇ ಎಂದಿರಿ. ಅಮೆರಿಕದಲ್ಲಿ 1990ರ ದಶಕದಿಂದಲೂ ಹೆಣೆಯುವವರು ಸೇರಿ ಆಶ್ರಯ ತಾಣಗಳಿಗೆ ಸಣ್ಣ ಹೊದಿಕೆಗಳನ್ನು ಮಾಡಿ ಕೊಡುತ್ತಿದ್ದಾರೆ. ಒಗೆಯಲು ಸುಲಭವಾದ ಅಕ್ರಿಲಿಕ್ ದಾರ, ಬಿಗಿಯಾದ ಹೆಣಿಗೆ. ನೀವೂ ಮಾಡಿ, ಆದರೆ ಜಾಲರಿ, ಹೂವಿನ ತೂತು ಇರುವ ಮಾದರಿ ಬೇಡ. ಉಗುರು ತೂರುವಷ್ಟು ಜಾಗ ಇರಬಾರದು. ಬೆಕ್ಕಿನ ಪೆಟ್ಟಿಗೆಗೆ ಸರಿ. ಕಚ್ಚುವ ಮರಿಗಳಿಗೆ ಬೇಡ, ಒಂದು ಎಳೆ ಬಿಚ್ಚಿದರೆ ಪೂರ್ತಿ ಬಿಚ್ಚುತ್ತದೆ.

ಗೋಶಾಲೆಗೆ ಕೌದಿ ಕೊಡಬಹುದೇ ಎಂದು ಹಿಂದಿನಿಂದ ಒಬ್ಬ ಅಣ್ಣ ಕೇಳುತ್ತಿದ್ದಾರೆ. ಬೇಡ ಅಣ್ಣ. ದನ ಬಟ್ಟೆಯನ್ನು ಮೆಲ್ಲುತ್ತದೆ, ಅದು ಹೊಟ್ಟೆಯಲ್ಲಿ ಉಂಡೆಯಾಗಿ ಉಳಿಯುತ್ತದೆ. ಒಣಹುಲ್ಲು, ಕಬ್ಬಿನ ರವದಿ ಹಾಸಲು ಕೊಡಿ. ಚಳಿಗೆ ಎಳೆಗರುವಿನ ಬೆನ್ನಿಗೆ ಗೋಣಿತಟ್ಟು ಕಟ್ಟಬಹುದು, ಕಟ್ಟುವ ದಾರ ಅದರ ಬಾಯಿಗೆ ಎಟುಕದ ಹಾಗೆ. ಚಳ್ಳಕೆರೆ ಕಡೆ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳನ್ನು ಕೇಳಿ ನೋಡಿ, ಬರಗಾಲದಲ್ಲಿ ಅವರು ಬೇಡುವುದು ಮೇವನ್ನು. ದನಕ್ಕೆ ಪ್ರೀತಿ ತೋರಿಸಬೇಕಾದರೆ ಮೇವಿನಲ್ಲಿ ತೋರಿಸಿ.

ಕೊಡುವ ಕ್ರಮ. ಮೊದಲು ಫೋನ್ ಮಾಡಿ ಕೇಳಿ: ಈಗ ಯಾವ ಅಳತೆಯದು ಬೇಕು, ಎಷ್ಟು ಬೇಕು, ಇಡಲು ಜಾಗವಿದೆಯೇ. ದೀಪಾವಳಿಗೆ, ಯುಗಾದಿಗೆ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಮನೆ ತೊಳೆದಾಗ ಊರಿನ ಹಳೆಯ ಬಟ್ಟೆಯೆಲ್ಲ ಒಂದೇ ಸಲ ಹೊರಬರುತ್ತದೆ. ಒಂದೇ ದಿನ ಆಟೊ ತುಂಬ ಬಟ್ಟೆ ಹೋಗಿ ಬಿದ್ದರೆ ಅಲ್ಲಿ ಇಲಿ ಗೂಡು ಕಟ್ಟುತ್ತದೆ. ಆ ಬಟ್ಟೆ ನಿಮ್ಮ ಬಳಿ ಒಣಗಿರಲಿ. ಅಲ್ಲಿಗೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹೋಗಲಿ. ಜೂನ್‌ಗೆ ಮೊದಲು ಒಂದು ಕಂತು ಹೆಚ್ಚು ಕೊಡಿ, ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಬದಲಿ ಬೇಕು. ಚಳಿಗೆ ಮುಂಚೆ ಮರಿಗಳ ಅಳತೆಯವು. ಕೊಡುವ ಮೊದಲು ಒಗೆದು ಬಿಸಿಲಿನಲ್ಲಿ ಒಣಗಿಸಿ. ಸುವಾಸನೆಯ ದ್ರಾವಣ, ನುಸಿಗುಳಿಗೆ ಹಾಕಬೇಡಿ. ನುಸಿಗುಳಿಗೆ ನಾಯಿಗೂ ಬೆಕ್ಕಿಗೂ ವಿಷ.

ಯಾರಾದರೂ ನಾಯಿಯನ್ನು ದತ್ತು ಪಡೆದು ಮನೆಗೆ ಒಯ್ಯುವಾಗ, ಅದು ಮಲಗಿದ್ದ ಕೌದಿಯನ್ನು ಒಗೆಯದೆ ಜೊತೆಗೆ ಕಳಿಸುವುದು ಒಳ್ಳೆಯದು. ಹೊಸ ಮನೆಯಲ್ಲಿ ಮೊದಲ ರಾತ್ರಿ ಅದಕ್ಕೆ ಗುರುತಿನ ವಾಸನೆ ಇರುವುದು ಆ ಬಟ್ಟೆಯಲ್ಲಿ ಮಾತ್ರ. ಹೀಗೆ ಹೊರಗೆ ಹೋದ ಕೌದಿಯ ಜಾಗಕ್ಕೆ ಇನ್ನೊಂದು ಬೇಕಾಗುತ್ತದೆ. ಆ ಲೆಕ್ಕವನ್ನೂ ಫೋನಿನಲ್ಲಿ ಕೇಳಿ.

ಮೇಜಿನ ಮೇಲೆ ಮಡಿಸಿ ಪಿನ್ನು ಹಾಕಿದ ಸೀರೆಗಳಿವೆ. ಎಡಗಡೆಯವು ಮೂರು ಅಡಿಯ ಆರು ಪದರದವು, ಬಲಗಡೆಯವು ಮರಿಗಳ ಅಳತೆಯವು. ಒಬ್ಬರು ಒಂದನ್ನೇ ಒಯ್ಯಿರಿ. ಮುಗಿಸಿ ತಂದಾಗ ಪಿನ್ನುಗಳನ್ನು ಎಣಿಸಿ ಹಿಂದಿರುಗಿಸಬೇಕು. ಪ್ರತಿ ಸೀರೆಗೂ ಹನ್ನೆರಡು ಪಿನ್ನು ಹಾಕಿದ್ದೇವೆ, ಒಂದು ಕಡಿಮೆ ಬಂದರೂ ಆ ಕೌದಿಯನ್ನು ಪೂರ್ತಿ ತಡಕಿ ನೋಡದೆ ಕಳಿಸುವುದಿಲ್ಲ.